ಬಂಗಾರ, ಭಂಗಾರ ಮತ್ತು ನಮ್ಮ ಪೂಜೋ

ವಡೋದರಾಕ್ಕೆ ಬಂದ ಹೊಸತರಲ್ಲಿ, ಅಂದರೆ 1987ರಲ್ಲಿ, ಬೆಳಿಗ್ಗೆ ಬೆಳಿಗ್ಗೆ ಬೀದಿಯಲ್ಲಿ "ಭಂಗಾರ್... ಭಂಗಾರ್..." ಅಂತ ಕೂಗಿಕೊಂಡು ಹೋಗುವ ತಳ್ಳುಗಾಡಿಯವನನ್ನು ನೋಡಿ ಬೆಪ್ಪಾಗಿದ್ದೆ. ಸೊಪ್ಪು ಮಾರಿದ ಹಾಗೆ ಬಂಗಾರ ಮಾರುವ ಊರಾ ಇದು, ಅಂತ! ಆಮೇಲೆ ಅವನ ಗಾಡಿಯೊಳಗೆ ಇಣುಕಿದರೆ ತುಕ್ಕು ಹಿಡಿದ ಟಿನ್ನು, ಮುರಿದ ಸೈಕಲ್ ಪೆಡಲು, ಹಳೇ ಪೇಪರು. ಗುಜರಾತಿಯಲ್ಲಿ ಭಂಗಾರ್ ಅಂದರೆ ಗುಜರಿ ಸಾಮಾನು. ಒಂದು ಮಹಾಪ್ರಾಣದಲ್ಲಿ ಚಿನ್ನ ಹೋಗಿ ಕಸವಾಗುತ್ತೆ ನೋಡಿ. ಇಲ್ಲಿರೋ ಕನ್ನಡದವರೆಲ್ಲ ಒಂದಲ್ಲ ಒಂದು ಸಲ ಈ ಜೋಕು ಮಾಡಿದವರೇ, ನಾನೇನೂ ಹೊಸದಾಗಿ ಹೇಳ್ತಾ ಇಲ್ಲ.

ಈಗ ನೆನಪಾಗಿದ್ದು ಯಾಕಂದರೆ, ಹೋದ ವಾರ ಪುಣೆಯಿಂದ ಮಗ ಫೋನ್ ಮಾಡಿದ್ದ. "ಅಪ್ಪ, ಆ ಭಂಗಾರ್ ಇನ್ನೂ ಇಟ್ಕೊಂಡೇ ಇದೀರಾ? ಮಾರ್ಚಿಗೆ ರಿಜಿಸ್ಟ್ರೇಶನ್ ಮುಗಿಯುತ್ತೆ. ಸ್ಕ್ರಾಪಿಗೆ ಕೊಟ್ಬಿಡಿ, ಸರ್ಟಿಫಿಕೇಟ್ ಕೊಡ್ತಾರೆ, ಹೊಸ ಕಾರಿಗೆ ರಿಯಾಯಿತಿ ಸಿಗುತ್ತೆ" ಅಂದ. ಅವನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಹಾಗಾಗಿ ಅವನ ಭಂಗಾರಕ್ಕೆ ಮಹಾಪ್ರಾಣ ಸ್ಪಷ್ಟವಾಗೇ ಇರುತ್ತೆ. ನನ್ನ ಕಿವಿಗೆ ಮಾತ್ರ ಅದು ಈಗಲೂ ಅಲ್ಪಪ್ರಾಣವಾಗೇ ಕೇಳಿಸೋದು. ಏನ್ ಮಾಡೋಣ.

ಅವನು ಹೇಳಿದ್ದು ನಮ್ಮ ಪೂಜೋ 309 ಬಗ್ಗೆ. 1996ರ ಗಾಡಿ, ಬಿಳಿ ಬಣ್ಣ, ಪೆಟ್ರೋಲು, ಜಿಜೆ-5 ನಂಬರು. ಸೊಸೈಟಿಯ ಹುಡುಗರು ವಾರಕ್ಕೊಮ್ಮೆ ನಿಲ್ಲಿಸಿ "ಕಾಕಾ, ಆ ಕಈ ಗಾಡಿ ಛೇ?" ಅಂತ ಕೇಳ್ತಾರೆ. ಹೆಸರು ಹೇಳಿದರೆ ಸಾಲದು, ಪೂರ್ತಿ ಕಥೆ ಬೇಕು. ನಿಮಗೂ ಹೇಳಿಬಿಡ್ತೀನಿ.

ಶುರುವಾಗಿದ್ದು ಅಹಮದಾಬಾದಿನ ಗುಜರಿ ಬಜಾರಿನಲ್ಲಿ. ಎಲ್ಲಿಸ್ ಬ್ರಿಜ್ ಕೆಳಗೆ ಸಾಬರಮತಿ ದಂಡೆಯಲ್ಲಿ ಭಾನುವಾರ ಸೇರುತ್ತಿದ್ದ ಸಂತೆ ಅದು, ರವಿವಾರಿ ಅಂತಲೂ ಹೇಳ್ತಾರೆ. ಆ ಸಂತೆ ಶುರುವಾಗಿ ಆರುನೂರು ವರ್ಷದ ಮೇಲಾಯ್ತಂತೆ. ಈಗ ಅದೇ ದಂಡೆಯಲ್ಲಿ ರಿವರ್‌ಫ್ರಂಟಿನವರು ಕಟ್ಟಿಸಿಕೊಟ್ಟ ಜಾಗದಲ್ಲಿದೆ. ಆಗ ಬರೀ ಮರಳು, ಧೂಳು, ಬೇವಿನ ಮರ. ನನಗೆ ಇಪ್ಪತ್ತನಾಲ್ಕು ವರ್ಷ. ಕಂಪನಿ ಕೆಲಸಕ್ಕೆ ಅಂತ ಅಹಮದಾಬಾದಿಗೆ ಹೋದವನು ಹಳೇ ಮೈಕ್ರೋಮೀಟರ್ ಸಿಗುತ್ತಾ ಅಂತ ಹುಡುಕುತ್ತಿದ್ದೆ. ಸಿಕ್ಕಿದ್ದು ಇಂಗ್ಲೆಂಡಿನ ಒಂದು ಹಳೇ ಕಾರ್ ಮ್ಯಾಗಜೀನು, ಮೂರು ರೂಪಾಯಿ. ಮುಖಪುಟದಲ್ಲಿ ಕೆಂಪು ಪೂಜೋ 205 ಜಿಟಿಐ.

ಈ "ಹಾಟ್ ಹ್ಯಾಚ್" ಅನ್ನೋದು ಏನಂತ ಗೊತ್ತಿಲ್ಲದವರಿಗೆ: ಸಂಸಾರಸ್ಥರು ತರಕಾರಿ ತರೋಕೆ ಬಳಸುವ ಸಣ್ಣ ಹಗುರ ಕಾರು, ಹಿಂದೆ ಮೇಲಕ್ಕೆತ್ತುವ ಬಾಗಿಲು, ಅದಕ್ಕೇ ದೊಡ್ಡ ಎಂಜಿನ್ನು, ಗಟ್ಟಿ ಸಸ್ಪೆನ್ಷನ್ನು ಹಾಕಿ ಬಿಟ್ಟುಬಿಡೋದು. ನೋಡೋಕೆ ನಮ್ಮ ಬ್ಯಾಡಗಿ ಮೆಣಸಿನಕಾಯಿ, ತಿಂದರೆ ಗುಂಟೂರು. ಜರ್ಮನಿಯ ಗಾಲ್ಫ್ ಜಿಟಿಐ 1976ರಲ್ಲಿ ಇದಕ್ಕೆ ಹೆಸರು ತಂದಿತು ಅಂತ ಎಲ್ಲರೂ ಹೇಳ್ತಾರೆ. ಆದರೆ ಅದಕ್ಕೂ ಮುಂಚೆ ಫ್ರಾನ್ಸಿನ ಸಿಮ್ಕಾದವರು 1100 ಟಿಐ ಅಂತ ಒಂದನ್ನು ಮಾಡಿದ್ದರು, ಮೊದಲನೆಯದು ಅದೇ ಅಂತ ವಾದ ಮಾಡುವವರಿದ್ದಾರೆ. ನಾನೂ ಆ ಪಾರ್ಟಿಯೇ, ಕಾರಣ ಮುಂದೆ ಹೇಳ್ತೀನಿ. 205 ಜಿಟಿಐ ಬಂದದ್ದು 1984ರಲ್ಲಿ, 1.6 ಲೀಟರು, 105 ಅಶ್ವಶಕ್ತಿ. ಎರಡು ವರ್ಷದ ನಂತರ 1.9 ಲೀಟರು, 130. ಇಡೀ ಗಾಡಿ ಒಂಬೈನೂರು ಕಿಲೋದ ಆಸುಪಾಸು. ಅದೇ ಹೊತ್ತಿಗೆ ಅದರ ರ‍್ಯಾಲಿ ಅವತಾರ 1985, 1986 ಎರಡೂ ವರ್ಷ ವಿಶ್ವ ಚಾಂಪಿಯನ್. 1978ರಲ್ಲಿ ಕ್ರೈಸ್ಲರಿನ ಯುರೋಪ್ ವ್ಯವಹಾರವನ್ನು ಕೊಂಡು ಸಾಲದಲ್ಲಿ ಮುಳುಗುತ್ತಿದ್ದ ಪೂಜೋ ಕಂಪನಿಯನ್ನು ದಡ ಸೇರಿಸಿದ್ದು ಈ 205. ಒಟ್ಟು ಐವತ್ತು ಲಕ್ಷದ ಮೇಲೆ ಮಾರಾಟವಾಯಿತು.

ಆ ಮುಖಪುಟ ಕತ್ತರಿಸಿ ಫತೇಗಂಜಿನ ರೂಮಿನ ಗೋಡೆಗೆ ಅಂಟಿಸಿದೆ. ರೂಮ್‌ಮೇಟು ಶ್ರೀದೇವಿ ಫೋಟೋ ಹಾಕಿದ್ದ, ನಾನು ಪೂಜೋ. ಇಬ್ಬರಿಗೂ ಸಿಗುವ ಸಾಧ್ಯತೆ ಅಷ್ಟರಲ್ಲೇ ಇತ್ತು. ಹೊರಗಿನಿಂದ ಹಳೇ ಕಾರು ತರಿಸೋಣ ಅಂದರೆ ನಮ್ಮ ಆಮದು ನಿಯಮದಲ್ಲಿ ಅದಕ್ಕೆ ದಾರಿಯಿಲ್ಲ. ಮೂರು ವರ್ಷಕ್ಕಿಂತ ಹಳೆಯದನ್ನು ತರುವಂತಿಲ್ಲ. ಮೂರು ವರ್ಷದೊಳಗಿನದು ತರುವಷ್ಟು ದುಡ್ಡಿದ್ದವನು ಫತೇಗಂಜಿನ ರೂಮಿನಲ್ಲಿ ಯಾಕಿರ್ತಾನೆ?

ಆಮೇಲೆ 1994ರಲ್ಲಿ ನಮ್ಮ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಪೂಜೋ ಜೊತೆ ಸೇರಿ ಕಲ್ಯಾಣದಲ್ಲಿ 309 ಮಾಡೋಕೆ ಶುರು ಮಾಡಿದರು. ಪದ್ಮಿನಿ ಮಾಡುತ್ತಿದ್ದರಲ್ಲ, ಅವರೇ. ಇದು ಜಿಟಿಐ ಅಲ್ಲ ಬಿಡಿ. 1.4 ಲೀಟರ್ ಪೆಟ್ರೋಲು, ಇಲ್ಲವೇ 1.5 ಡೀಸೆಲ್ಲು. ಯುರೋಪಿನಲ್ಲಿ 309ಕ್ಕೂ ಒಂದು ಜಿಟಿಐ ಇತ್ತು, 205ರ ಅದೇ 1.9 ಎಂಜಿನ್ ಹಾಕಿದ್ದು. ನಮ್ಮ ದೇಶಕ್ಕೆ ಬಂದದ್ದು ಅದರ ಸಾಧು ಅಣ್ಣ. ಆದರೂ ಸಂಬಂಧ ಇದೆ ತಾನೆ? ಅಡಿಪಾಯ 205ರದ್ದು. ಬಾಗಿಲುಗಳೂ 205ರವೇ! (ಐದು ಬಾಗಿಲಿನ 205ರವು. ಜಿಟಿಐಗೆ ಇದ್ದದ್ದು ಮೂರೇ ಬಾಗಿಲು. ಹಾಗಾಗಿ ದೊಡ್ಡಪ್ಪನ ಷಡ್ಡಕನ ಕಡೆಯ ಸಂಬಂಧ ಅಂತಿಟ್ಕೊಳ್ಳಿ.)

309ರ ಜಾತಕವೇ ವಿಚಿತ್ರ. ಅದು ಟಾಲ್ಬೊಟ್ ಅನ್ನೋ ಹೆಸರಿನಲ್ಲಿ ಬರಬೇಕಾಗಿತ್ತು. ಟಾಲ್ಬೊಟ್ ಅಂದರೆ ಹಿಂದಿನ ಸಿಮ್ಕಾ ಮನೆತನ. ಕೊನೆ ಗಳಿಗೆಯಲ್ಲಿ ಆ ಹೆಸರು ಕೈಬಿಟ್ಟು ಪೂಜೋ ಬಿಲ್ಲೆ ಅಂಟಿಸಿದರು. ಸಾಲಿನಲ್ಲಿ ಇರಬೇಕಾದ ನಂಬರು ಕೊಡದೆ 309 ಅಂದರು, ಹಾಗಾಗಿ 306 ಅನ್ನೋದು ಅದರ ನಂತರ ಹುಟ್ಟಿತು. ಇನ್ನೊಂದು ತಮಾಷೆ: ಸಿಮ್ಕಾ ಕಂಪನಿ ಶುರುವಾಗಿದ್ದೇ ಫ್ರಾನ್ಸಿನಲ್ಲಿ ಫಿಯಟ್ ಕಾರು ಮಾಡೋದಕ್ಕೆ. ನಮ್ಮ ಪ್ರೀಮಿಯರಿನವರು ಇಲ್ಲಿ ಮಾಡುತ್ತಿದ್ದದ್ದೂ ಫಿಯಟ್ಟೇ. ಎರಡು ದೇಶದ ಇಬ್ಬರು ಫಿಯಟ್ ಶಿಷ್ಯರು ಕಲ್ಯಾಣದಲ್ಲಿ ಭೇಟಿಯಾದ ಹಾಗಾಯ್ತು. ಮೊದಲ ಹಾಟ್ ಹ್ಯಾಚ್ ಸಿಮ್ಕಾದ್ದು ಅಂತ ನಾನು ವಾದಿಸೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ, ನನ್ನ ಗಾಡಿ ಆ ವಂಶದ್ದು!

ಕಲ್ಯಾಣದ ಸಂಸಾರ ಹೆಚ್ಚು ದಿನ ನಡೆಯಲಿಲ್ಲ. ಕಾರ್ಮಿಕ ಗಲಾಟೆ, ಪಾಲುದಾರರ ನಡುವೆ ಮುನಿಸು, 1997ರ ಹೊತ್ತಿಗೆ ಎಲ್ಲ ಮುಗಿದಿತ್ತು. ಪೂಜೋ ವಾಪಸ್ಸು ಹೋಯಿತು. ಕಾರು ಕೊಂಡವರು ಅನಾಥರಾದರು.

ಅಂಥ ಒಂದು ಅನಾಥ ಗಾಡಿ ನನಗೆ ಸಿಕ್ಕಿದ್ದು 2007ರ ಫೆಬ್ರವರಿಯಲ್ಲಿ, ಸೂರತ್ತಿನ ಅಡಾಜಣದಲ್ಲಿ. ಅಷ್ಟರಲ್ಲಿ ನಾನು ಮಕರ್‌ಪುರಾ ಜಿಐಡಿಸಿಯಲ್ಲಿ ಸ್ವಂತ ವರ್ಕ್‌ಶಾಪು ಹಾಕಿ ಎಂಟು ವರ್ಷವಾಗಿತ್ತು. ಮಾರುವವರು ಜರಿ ವ್ಯಾಪಾರಿ (ನಮ್ಮ ಮೊಳಕಾಲ್ಮುರು ಸೀರೆಯ ಜರಿಯೂ ಸೂರತ್ತಿನಿಂದ ಹೋಗೋದು, ಗೊತ್ತಿರಲಿ). ನಲವತ್ತೈದು ಸಾವಿರ ಅಂದರು. ಹಿಂದಿನ ವರ್ಷ, 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ನೀರು ಬಿಟ್ಟು ಸೂರತ್ತಿನ ಬಹುಭಾಗ ಮುಳುಗಿತ್ತು. ಪ್ರವಾಹದ ಗಾಡಿಗಳನ್ನು ತೊಳೆದು, ಪಾಲಿಶ್ ಹೊಡೆದು ಮಾರುವ ದಂಧೆ ಜೋರಾಗಿತ್ತು. ಅದಕ್ಕೇ ಮೊದಲು ಅದನ್ನೇ ಕೇಳಿದೆ. ಎದೆ ಮೇಲೆ ಕೈಯಿಟ್ಟು "ಪೂರ್ ನೀ ಗಾಡಿ ನಥೀ, ಭಾಯಿ" ಅಂದರು. ನಾನೂ ಶಾಣ್ಯಾ, ಸೀಟ್ ಬೆಲ್ಟು ಪೂರ್ತಿ ಹೊರಗೆಳೆದು ಕೆಸರಿನ ಗೆರೆ ಇದೆಯಾ ಅಂತ ನೋಡಿದೆ. ಬೆಲ್ಟು ಫಳಫಳ ಹೊಳೆಯುತ್ತಿತ್ತು. ಹತ್ತು ವರ್ಷದ ಗಾಡಿಯ ಬೆಲ್ಟು ಅಷ್ಟು ಹೊಸದಾಗಿ ಯಾಕಿದೆ ಅಂತ ಯೋಚಿಸುವಷ್ಟು ಬುದ್ಧಿ ಆ ಕ್ಷಣದಲ್ಲಿ ಇರಲಿಲ್ಲ. ಬಾಗಿಲು ಹಾಕಿದಾಗ ಬಂದ ಆ "ಧಪ್" ಶಬ್ದ ಕೇಳಿಯೇ ನಾನು ಬಿದ್ದುಹೋಗಿದ್ದೆ.

ಸೂರತ್ತಿನಿಂದ ವಡೋದರಾ ನೂರೈವತ್ತು ಕಿ.ಮೀ. ಆಗ ಭರೂಚಿನಲ್ಲಿ ನರ್ಮದೆ ದಾಟೋದು ಅಂದರೆ ಶಿಕ್ಷೆ. ಕೇಬಲ್ಲಿನ ಹೊಸ ಸೇತುವೆ ಆಗಿದ್ದು 2017ರಲ್ಲಿ. ಲಾರಿಗಳ ಮಧ್ಯೆ ಸೇತುವೆ ಮೇಲೆ ಸಿಕ್ಕಿಹಾಕಿಕೊಂಡೆ. ಟೆಂಪರೇಚರ್ ಮುಳ್ಳು ಮೇಲೆ ಮೇಲೆ ಹೋಗಿ ಕೆಂಪು ಮುಟ್ಟಿತು, ಬಾನೆಟ್ಟಿನಿಂದ ಹಬೆ. ಪಕ್ಕದ ಲಾರಿಯ ಕ್ಲೀನರು ಇಳಿದು ಬಂದು ತನ್ನ ಕ್ಯಾನಿನ ನೀರು ಕೊಟ್ಟ, ಪುಣ್ಯಾತ್ಮ. ಹಾಟ್ ಹ್ಯಾಚ್ ಅಂತ ಕನಸು ಕಂಡಿದ್ದೆನಲ್ಲ, ಹಾಟ್ ಅಂತೂ ಆಯ್ತು!

ಮನೆಗೆ ಬಂದಾಗ ರಾತ್ರಿ ಹತ್ತು. ನಮ್ಮನೆಯವಳು ನಿಂಬೆಹಣ್ಣು, ಅರಿಶಿನ-ಕುಂಕುಮ ಹಿಡಿದು ನಿಂತಿದ್ದಳು. "ಏನ್ರೀ ಹೆಸರಿದು, ಪೂಜೋನಾ? ಸರಿ, ಪೂಜೆ ಮಾಡೋಣ" ಅಂದಳು. ಅಂದಿನಿಂದ ನಮ್ಮನೆಯಲ್ಲಿ ಅದರ ಹೆಸರು ಪೂಜೆ ಗಾಡಿ. (ಆ ಕಂಪನಿಯವರು ಕಾರಿಗಿಂತ ಮೊದಲು ಗರಗಸದ ಅಲಗು ಮಾಡುತ್ತಿದ್ದರು, ಆಮೇಲೆ 1840ರಲ್ಲಿ ಕಾಫಿ ಬೀಜ ಪುಡಿ ಮಾಡುವ ಮಿಲ್ಲು. ಸಿಂಹದ ಗುರುತು ಗರಗಸದ ಹಲ್ಲಿಗೆ ಹಾಕಿದ್ದು. ಇದನ್ನು ಹೇಳಿದ ಮೇಲೇ ನಮ್ಮನೆಯವಳಿಗೆ ಸ್ವಲ್ಪ ಗೌರವ ಬಂದದ್ದು, ಕಾಫಿಯವರು ಕೆಟ್ಟವರಿರಲಾರರು ಅಂತ.)

ಮೂರನೇ ವಾರ ಹಿಂದಿನ ಲೈಟ್ ಬಲ್ಬು ಬದಲಿಸೋಣ ಅಂತ ಬಿಚ್ಚಿದರೆ ಒಳಗೆ ಹಿಟ್ಟಿನಂಥ ನುಣ್ಣನೆ ಮಣ್ಣು. ಬಾಗಿಲಿನ ಪ್ಯಾಡ್ ತೆಗೆದರೆ ಅಲ್ಲೂ ಒಂದು ಗೆರೆ, ಕಿಟಕಿ ಗಾಜಿನ ಎತ್ತರಕ್ಕೆ. ತಾಪಿ ನದಿಯ ಮಣ್ಣು. ಗ್ಯಾರೇಜಿನಲ್ಲಿ ಅದರ ಮುಂದೆ ಸುಮ್ಮನೆ ಕೂತುಬಿಟ್ಟೆ. ಮೋಸ ಹೋದದ್ದಕ್ಕಿಂತ, ಮೋಸ ಹೋಗಲು ನಾನೇ ತಯಾರಾಗಿ ಹೋಗಿದ್ದೆನಲ್ಲ ಅನ್ನೋದು ಚುಚ್ಚುತ್ತಿತ್ತು. ಸೂರತ್ತಿಗೆ ಫೋನ್ ಮಾಡಲಿಲ್ಲ. ಆ ಮನುಷ್ಯನ ಗೋಡೌನು ಎಷ್ಟು ಮುಳುಗಿತ್ತೋ ಯಾರಿಗೆ ಗೊತ್ತು.

ನೀರು ಹೊಕ್ಕ ಗಾಡಿ ಸಕ್ಕರೆ ಕಾಯಿಲೆಯವರ ಹಾಗೆ, ಒಂದೊಂದೇ ಅಂಗ ತಕರಾರು ತೆಗೆಯುತ್ತೆ. ವೈರಿಂಗು, ಡೈನಮೋ, ಬ್ರೇಕಿನ ಸಿಲಿಂಡರು. ನನ್ನ ಮೆಕ್ಯಾನಿಕ್ ರಫೀಕ್‌ಭಾಯಿ ಪ್ರತಿ ಸಲವೂ ಹೇಳುತ್ತಿದ್ದ, "ಸಾಹೇಬ್, ಡೀಸೆಲ್ ತಗೋಬೇಕಿತ್ತು" ಅಂತ. ಅವನು ಹೇಳಿದ್ದು ಸರಿ. 309ರ ಆ 1527 ಸಿಸಿ ಡೀಸೆಲ್ ಎಂಜಿನ್ನನ್ನೇ ಆಮೇಲೆ ಮಾರುತಿಯವರು ಝೆನ್ ಡೀಸೆಲ್, ಎಸ್ಟೀಮ್ ಡೀಸೆಲ್‌ಗೆ ಹಾಕಿಕೊಂಡಿದ್ದರು. ಬಿಡಿಭಾಗ ಕೇಳಿದಲ್ಲಿ ಸಿಗುತ್ತಿತ್ತು. ಪೆಟ್ರೋಲಿಗೆ ಆ ಭಾಗ್ಯವಿಲ್ಲ. ಆದರೆ ಗೋಡೆಗೆ ಜಿಟಿಐ ಅಂಟಿಸಿದವನು ಟಕಟಕ ಅನ್ನೋ ಡೀಸೆಲ್ ತಗೊಳ್ತಾನಾ? ಹೆಡ್ ಗ್ಯಾಸ್ಕೆಟ್ಟು, ವಾಟರ್ ಪಂಪು ನಮ್ಮಕ್ಕನ ಮಗ ಇಂಗ್ಲೆಂಡಿನ ಕೊವೆಂಟ್ರಿಯಿಂದ ಸೂಟ್‌ಕೇಸಿನಲ್ಲಿ ತಂದುಕೊಟ್ಟ. ಆ ಊರಿನ ಪಕ್ಕದ ರೈಟನ್ ಕಾರ್ಖಾನೆಯಲ್ಲೇ 309 ತಯಾರಾಗುತ್ತಿದ್ದದ್ದು. ಅದೂ 2006ರ ಡಿಸೆಂಬರಿನಲ್ಲಿ ಮುಚ್ಚಿತ್ತು.

ದೊಡ್ಡ ರೋಗ ಬಂದದ್ದು 2009ರಲ್ಲಿ. ಹಿಂದಿನ ಚಕ್ರಗಳು ಮೇಲ್ಗಡೆ ಒಳಕ್ಕೆ ವಾಲಿಕೊಂಡವು, ಮಂಡಿ ಸವೆದ ಮುದುಕರ ಕಾಲಿನ ಹಾಗೆ. ಆ ಕಾಲದ ಸಣ್ಣ ಪೂಜೋಗಳ ಹಿಂದಿನ ಆಕ್ಸಲ್ ಬಲು ಚಂದದ ರಚನೆ. ಚಕ್ರ ಹಿಡಿದಿರುವ ತೋಳು ಒಂದು ದಪ್ಪ ಶಾಫ್ಟಿನ ಜೊತೆ ಮೇಲೆ ಕೆಳಗೆ ಆಡುತ್ತೆ, ನಡುವೆ ನೀಡಲ್ ಬೇರಿಂಗು, ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ಸರಳು. ಆ ಕಾರುಗಳು ತಿರುವಿನಲ್ಲಿ ಅಷ್ಟು ಚೆನ್ನಾಗಿ ಹೋಗುವುದಕ್ಕೆ ಅದೂ ಒಂದು ಕಾರಣ. ಆದರೆ ಸೀಲು ಹೋಗಿ ನೀರು ನುಗ್ಗಿದರೆ ಬೇರಿಂಗು ತುಕ್ಕು ಹಿಡಿದು ಶಾಫ್ಟನ್ನೇ ತಿಂದುಹಾಕುತ್ತೆ. ನಮ್ಮದಕ್ಕೆ ನುಗ್ಗಿದ್ದು ತಾಪಿ ನದಿಯೇ. ಮುಂಬೈನ ಕುರ್ಲಾದಲ್ಲಿ ವಿಚಾರಿಸಿದೆ, ಇಲ್ಲ. ಅಹಮದಾಬಾದಿನ ಗುಜರಿಯಲ್ಲಿ ಬಾಗಿಲಿನ ಹಿಡಿ ಸಿಕ್ಕಿತು, ಆಕ್ಸಲ್ ಇಲ್ಲ. ರಫೀಕ್‌ಭಾಯಿ ಕೈಯೊರೆಸಿಕೊಂಡು "ಭಂಗಾರ್" ಅಂದ.

ಆಗ ಅಪ್ಪ ನಮ್ಮ ಜೊತೆಗಿದ್ದರು.

ಅಪ್ಪನ ಬಗ್ಗೆ ಹೇಳಬೇಕು. ಹರಿಹರದ ಮೈಸೂರು ಕಿರ್ಲೋಸ್ಕರಿನಲ್ಲಿ ಟರ್ನರ್ ಆಗಿದ್ದರು, ಯಂತ್ರಪುರದಲ್ಲೇ ಮೂವತ್ತು ವರ್ಷದ ಮೇಲೆ. ಲೇತ್ ಮಾಡುವ ಕಾರ್ಖಾನೆ. ನಾನು ದಾವಣಗೆರೆಯಲ್ಲಿ ಡಿಪ್ಲೊಮಾ ಮುಗಿಸಿದಾಗ ಅಲ್ಲೇ ಅಪ್ರೆಂಟಿಸ್ ಸೇರಿಸಬೇಕು ಅಂತ ಯಾರ್‍ಯಾರನ್ನೋ ಕಂಡು ಬಂದಿದ್ದರು. ನಾನು ವಡೋದರಾ ಕೆಲಸ ಹಿಡಿದೆ. "ಲೇತ್ ಮಾಡೋ ಊರು ಬಿಟ್ಟು ಲೇತ್ ಓಡ್ಸೋ ಊರಿಗೆ ಹೊಂಟೀಯೇನು?" ಅಂದವರು ಆಮೇಲೆ ಬಸ್ ಸ್ಟ್ಯಾಂಡಿಗೂ ಬರಲಿಲ್ಲ. ಜಗಳವೇನೂ ಇರಲಿಲ್ಲ. ವರ್ಷಕ್ಕೊಮ್ಮೆ ಹೋಗುತ್ತಿದ್ದೆ, "ಊಟ ಆತಾ", "ಆತಪ್ಪ" ಇಷ್ಟೇ ಮಾತು. ಮುಂದೆ ಆ ಕಾರ್ಖಾನೆಯೂ ಮುಚ್ಚಿತು. ಅಪ್ಪ ಅದರ ಮೊದಲೇ ನಿವೃತ್ತರಾಗಿದ್ದರು, ಆದರೂ ಆ ವಿಷಯ ನಾವಿಬ್ಬರೂ ಎತ್ತುತ್ತಿರಲಿಲ್ಲ. ಎತ್ತಿದರೆ ನಾನು ಊರು ಬಿಟ್ಟದ್ದು ಸರಿ ಅಂತ ಆಗಿಬಿಡುತ್ತಲ್ಲ. 2008ರಲ್ಲಿ ಅಮ್ಮ ತೀರಿಕೊಂಡ ಮೇಲೆ ಬಲವಂತ ಮಾಡಿ ಕರೆದುಕೊಂಡು ಬಂದೆ. ಎಪ್ಪತ್ತನಾಲ್ಕು ವರ್ಷ, ಗುಜರಾತಿ ಬರುವುದಿಲ್ಲ, ದಾಲಿಗೆ ಬೆಲ್ಲ ಹಾಕ್ತಾರೆ ಅನ್ನೋದೇ ದೊಡ್ಡ ದುಃಖ. ದಿನವಿಡೀ ಬಾಲ್ಕನಿಯಲ್ಲಿ ಕೂತು ಬೀದಿ ನೋಡುವುದು.

ಸವೆದ ಶಾಫ್ಟನ್ನು ಮನೆಗೆ ತಂದು ಪೇಪರಿನ ಮೇಲೆ ಇಟ್ಟಿದ್ದೆ. ಬೆಳಿಗ್ಗೆ ಎದ್ದರೆ ಅಪ್ಪ ಅದನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಸವೆತ ನೋಡುತ್ತಿದ್ದರು.

"ಎಂಥಾ ಸ್ಟೀಲು?"

"ಕೇಸ್ ಹಾರ್ಡನ್ ಮಾಡಿದ್ದಪ್ಪ."

"ಅದು ಕಾಣ್ತತಲ್ಲ. ಸಾಮಾನು ಸಿಗ್ತತೇನು ಇಲ್ಲಿ?"

ಆವತ್ತು ನನ್ನ ಜೊತೆ ಮಕರ್‌ಪುರಾಕ್ಕೆ ಬಂದರು. ಬಂದು ಒಂದು ವರ್ಷವಾಗಿದ್ದರೂ ವರ್ಕ್‌ಶಾಪಿಗೆ ಕಾಲಿಟ್ಟಿರಲಿಲ್ಲ. ಒಳಗೆ ಬಂದವರು ಮೂಲೆಯ ಲೇತಿನ ಮುಂದೆ ನಿಂತುಬಿಟ್ಟರು. ಅಹಮದಾಬಾದಿನಲ್ಲಿ ಬಟ್ಟೆ ಮಿಲ್ಲುಗಳು ಸಾಲಾಗಿ ಮುಚ್ಚಿದವಲ್ಲ, ಅಂಥ ಒಂದು ಮಿಲ್ಲಿನ ಹರಾಜಿನಲ್ಲಿ ನಾನು ತಂದಿದ್ದ ಹಳೇ ಕಿರ್ಲೋಸ್ಕರ್ ಲೇತು. ಹರಿಹರ ಅಂತ ಪಟ್ಟಿ ಇದೆ. ನಾನು ಅದನ್ನು ಕೊಂಡದ್ದು ಅವರಿಗೆ ಹೇಳಿರಲೇ ಇಲ್ಲ. ಯಾಕೆ ಅಂತ ಕೇಳಬೇಡಿ. ಅಪ್ಪ ಪಟ್ಟಿ ಮೇಲಿನ ಎಣ್ಣೆ ಒರೆಸಿದರು, ಬೆಡ್ಡಿನ ಮೇಲೆ ಅಂಗೈ ಸವರಿದರು, ಚಕ್ ತಿರುಗಿಸಿ ಶಬ್ದ ಕೇಳಿದರು. "ಬೆಡ್ಡು ಚಲೋ ಇಟ್ಟೀಯ" ಅಂದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವರು ಆಡಿದ ಮೊದಲ ಮಾತು.

ಶಾಫ್ಟ್ ಅವರೇ ಕಡೆದರು. ಕಣ್ಣು ಮಂಜು, ಕೈ ಮಾತ್ರ ಅಲುಗಲಿಲ್ಲ. ನಾನು ಮಿಲಿಮೀಟರಿನಲ್ಲಿ ಹೇಳಿದರೆ ಅವರು ಥೌ ಲೆಕ್ಕದಲ್ಲಿ ಗೊಣಗುವುದು. "ಗ್ರೈಂಡಿಂಗಿಗೆ ಹದಿನೈದು ಥೌ ಬಿಡ್ಬೇಕು, ಹೀಟ್ ಟ್ರೀಟ್‌ಮೆಂಟಿಗೆ ಹೋಗಿ ಬಂದ್ರೆ ಸೊಟ್ಟ ಆಗಿರ್ತತಿ" ಅಂತ. ಅವರು ಹೇಳಿದ ಹಾಗೇ ಸೊಟ್ಟ ಆಗಿ ಬಂತು, ಬಿಟ್ಟ ಹದಿನೈದು ಥೌನಲ್ಲೇ ಸರಿಹೋಯಿತು. ನೀಡಲ್ ಬೇರಿಂಗು ಅಹಮದಾಬಾದಿನ ಅಂಗಡಿಯಲ್ಲಿ ಅಳತೆಗೆ ಸಿಕ್ಕಿತು. ಎರಡು ಶಾಫ್ಟು ಹಾಕಿದೆವು. ಅಪ್ಪ ಮೂರನೆಯದೂ ಒಂದು ಮಾಡಿದರು. "ಕೆಟ್ಟ ಮ್ಯಾಲೆ ಹುಡುಕ್ಕೋಂತ ಹೋಗಬಾರ್ದು, ಒಂದು ಎಕ್ಸ್‌ಟ್ರಾ ಇರ್ಲಿ." ತುದಿಗೆ ಸಣ್ಣ ಪಂಚಿನಿಂದ ಒಂದು ಚುಕ್ಕೆ ಹೊಡೆದು, ಗ್ರೀಸು ಹಚ್ಚಿ, ಕಾಗದ ಸುತ್ತಿ ನನ್ನ ಕೈಗೆ ಕೊಟ್ಟರು. ಹರಿಹರದಲ್ಲೂ ತಾವು ಕಡೆದದ್ದಕ್ಕೆಲ್ಲ ಆ ಚುಕ್ಕೆ ಹೊಡೀತಿದ್ದರಂತೆ.

ಆಮೇಲೆ ದಿನಾ ವರ್ಕ್‌ಶಾಪಿಗೆ ಬರತೊಡಗಿದರು. ನನ್ನ ಹುಡುಗರಿಗೆ ಕನ್ನಡದಲ್ಲೇ ಬೈಯುತ್ತಿದ್ದರು, ಅವರಿಗೆ ಅರ್ಥವೂ ಆಗುತ್ತಿತ್ತು.

2010ರ ದೀಪಾವಳಿಗೆ ಇದೇ ಕಾರಿನಲ್ಲಿ ಹರಿಹರಕ್ಕೆ ಹೋದೆವು, ಅಪ್ಪ-ಮಗ ಇಬ್ಬರೇ. ಸಾವಿರದ ನೂರು ಕಿ.ಮೀ. ಮೇಲೆ. ನಮ್ಮನೆಯವಳು ರೈಲಿನಲ್ಲಿ ಬರ್ತೀನಿ ಅಂದಳು, ಜಾಣೆ. ಖಂಡಾಲ ಘಾಟಿಯಲ್ಲಿ ಮತ್ತೆ ಕುದಿಯಿತು, ಎರಡು ಸಲ. ಅಪ್ಪ ಕಾಲ ಬಳಿ ಕ್ಯಾನ್ ಇಟ್ಟುಕೊಂಡೇ ಕೂತಿದ್ದರು. ಕೊಲ್ಹಾಪುರ ದಾಟಿದ ಮೇಲೆ ನೇರ ರಸ್ತೆ, ಬೆಳಗಿನ ತಂಪು, 1.4 ಎಂಜಿನ್ನು ಹಾಡತೊಡಗಿತು. ಪವರ್ ಸ್ಟೀರಿಂಗ್ ಇಲ್ಲದ ಆ ಚಕ್ರದಲ್ಲಿ ರಸ್ತೆಯ ಒಂದೊಂದು ಜಲ್ಲಿಯೂ ಅಂಗೈಗೆ ಗೊತ್ತಾಗುತ್ತೆ. ಎಷ್ಟು ವೇಗದಲ್ಲಿ ಹೋದೆ ಅಂತ ಇಲ್ಲಿ ಬರೆಯುವುದಿಲ್ಲ. ಅಪ್ಪ ಮುಳ್ಳು ನೋಡಿದರು, ನನ್ನ ನೋಡಿದರು, "ಶಾಫ್ಟು ಅಲ್ಲಾಡವಲ್ದು" ಅಂದರು ಅಷ್ಟೇ. ಯಂತ್ರಪುರದ ಗೇಟಿನ ಮುಂದೆ ನಿಲ್ಲಿಸಲು ಹೇಳಿದರು. ಬೀಗ, ಬಳ್ಳಿ, ಜಾಲಿ. ಹತ್ತು ನಿಮಿಷ ಇಳಿದು ನಿಂತಿದ್ದರು. ವಾಪಸ್ಸು ಬಂದು ಕೂತು, "ನೀ ಹೋಗಿದ್ದು ಚಲೋನ ಆತು ಬಿಡು. ಆವಾಗ ನನಗ ಹೇಳಾಕ ಆಗ್ಲಿಲ್ಲ" ಅಂದರು. ನಾನು ಏನೂ ಹೇಳಲಿಲ್ಲ, ಗೇರ್ ಹಾಕಿದೆ. ಊರೊಳಗೆ ಹೋಗಿ ಮಂಡಕ್ಕಿ-ಮೆಣಸಿನಕಾಯಿ ತಿಂದೆವು.

2011ರ ಸೆಪ್ಟೆಂಬರಿನಲ್ಲಿ ಒಂದು ಸಿಹಿಸುದ್ದಿ. ಪೂಜೋದವರು ಗುಜರಾತಿಗೇ ಬರುತ್ತಾರಂತೆ, ಅಹಮದಾಬಾದಿನ ಪಕ್ಕ ಸಾಣಂದದಲ್ಲಿ ನಾಲ್ಕು ಸಾವಿರ ಕೋಟಿಯ ಕಾರ್ಖಾನೆ! ಟಾಟಾ ನ್ಯಾನೊ ಆಗಲೇ ಅಲ್ಲಿ ಬಂದಿತ್ತು. ನಾನು, ಅಪ್ಪ ಒಂದು ಭಾನುವಾರ ಎಕ್ಸ್‌ಪ್ರೆಸ್‌ವೇ ಹಿಡಿದು ಸಾಣಂದಕ್ಕೆ ಹೋಗಿ ಬಂದೆವು. ಏನು ಕಾಣುತ್ತೆ, ಬರೀ ಹೊಲ, ಬೇಲಿ. ಆದರೂ ಗಾಡಿಗೆ ಅದರ ತವರುಮನೆ ಜಾಗ ತೋರಿಸಿ ಬಂದ ಹಾಗೆ ಖುಷಿ. ಮರು ವರ್ಷವೇ ಆ ಯೋಜನೆ ಕೈಬಿಟ್ಟರು. ಅಲ್ಲಿ ಯುರೋಪಿನಲ್ಲೇ ಅವರಿಗೆ ಕಷ್ಟ ಶುರುವಾಗಿತ್ತು. 2017ರಲ್ಲಿ ಎಂಬತ್ತು ಕೋಟಿ ಕೊಟ್ಟು ನಮ್ಮ ಅಂಬಾಸಡರ್ ಹೆಸರನ್ನು ಕೊಂಡರು ಅಂತ ಓದಿ ನಕ್ಕಿದ್ದೆ. ಕೊನೆಗೆ 2021ರ ಫೆಬ್ರವರಿಯಲ್ಲಿ ಬಂದದ್ದು ಪೂಜೋ ಅಲ್ಲ, ಅದರ ತಂಗಿ ಸಿಟ್ರೊಯೆನ್. ದೇಶದಲ್ಲೇ ಮೊದಲ ಶೋರೂಮು ಅಹಮದಾಬಾದಿನಲ್ಲಿ! ನಾನೂ ಹೋಗಿದ್ದೆ, ಇದೇ ಗಾಡಿಯಲ್ಲಿ. ಹೊಸ ಕಾರು ತೋರಿಸಬೇಕಾದ ಹುಡುಗರೆಲ್ಲ ಹೊರಗೆ ಬಂದು ನನ್ನ ಕಾರಿನ ಜೊತೆ ಸೆಲ್ಫಿ ತೆಗೆದುಕೊಂಡರು. ಕಾಫಿ ಕೊಟ್ಟರು. ಬಿಡಿಭಾಗ ಮಾತ್ರ ಕೇಳಬೇಡಿ ಅಂದರು.

ಅಂದ ಹಾಗೆ, ಗೋಡೆಯ ಮೇಲಿದ್ದ ಆ ಕೆಂಪು ಕಾರನ್ನೂ ಒಮ್ಮೆ ಮುಟ್ಟಿದೆ. 2013ರಲ್ಲಿ ಕೊವೆಂಟ್ರಿಗೆ ಹೋದಾಗ ಅಕ್ಕನ ಮಗನ ಸಹೋದ್ಯೋಗಿ ತನ್ನ 205 ಜಿಟಿಐ ಕೊಟ್ಟ, ಹತ್ತು ನಿಮಿಷ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ತಿರುವಿನ ಮಧ್ಯೆ ಆಕ್ಸಿಲರೇಟರ್ ಬಿಡಬೇಡ, ಹಿಂಭಾಗ ಸರಕ್ಕನೆ ಹೊರಗೆ ಜಾರುತ್ತೆ ಅಂತ ಮೂರು ಸಲ ಹೇಳಿದ. ಕಾಲು ಒತ್ತಿದಾಗ ಬೆನ್ನು ಸೀಟಿಗೆ ಅಂಟಿಕೊಂಡಿತು ನೋಡಿ, ಇಪ್ಪತ್ತನಾಲ್ಕರ ಹುಡುಗ ಒಳಗಿಂದ ಎದ್ದು ಬಂದ. ಇಳಿದ ಮೇಲೆ ಮೊದಲು ಬಗ್ಗಿ ನೋಡಿದ್ದು ಹಿಂದಿನ ಚಕ್ರ ನೆಟ್ಟಗಿದೆಯಾ ಅಂತ. ಮನೆಗೆ ಫೋನ್ ಮಾಡಿದರೆ ಅಪ್ಪನ ಪ್ರಶ್ನೆಯೂ ಅದೇ: "ಅವನ ಶಾಫ್ಟು ಸರಿ ಐತೇನು?"

ಅಪ್ಪ 2014ರಲ್ಲಿ ಹೋದರು. 2016ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ 48 ಡಿಗ್ರಿ ಆಯಿತಲ್ಲ, ಆವತ್ತು ನಾನು ಈ ಗಾಡಿಯಲ್ಲಿ ಅಲ್ಲೇ ಇದ್ದೆ. ಅದು ಕುದಿಯಲಿಲ್ಲ. ಕಾಲ ಬಳಿ ಕ್ಯಾನ್ ಇತ್ತು.

ಈಗ ಮಗನ ಲೆಕ್ಕಕ್ಕೆ ಬರೋಣ. 1996ರ ಗಾಡಿ, ಹದಿನೈದು ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ನವೀಕರಣ. 2021ರಲ್ಲಿ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲಿನಿಂದ 5,000. 2025ರ ಆಗಸ್ಟಿನಿಂದ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000, ಮೇಲೆ ತೆರಿಗೆ. ಹಳೇ ಗಾಡಿಗಳ ಗುಜರಿ ನೀತಿಯನ್ನು ಪ್ರಧಾನಿ 2021ರ ಆಗಸ್ಟ್ 13ರಂದು ಘೋಷಿಸಿದ್ದೂ ಗುಜರಾತಿನ ಸಮಾವೇಶದಲ್ಲೇ. ಹೊಗೆ ಕಡಿಮೆಯಾಗಬೇಕು, ಸರಿ, ನಾನು ವಾದ ಮಾಡುವುದಿಲ್ಲ. ವರ್ಷಕ್ಕೆ ಎರಡು ಸಾವಿರ ಕಿ.ಮೀ. ಓಡಿಸುವವನು ಎಷ್ಟು ಹೊಗೆ ಬಿಟ್ಟಾನು ಅಂತಷ್ಟೇ ನನ್ನ ಗೊಣಗಾಟ. ಮಗನಿಗೆ ಹೇಳಿದೆ, ನೋಡೋಣ ಅಂತ.

ಫಿಟ್‌ನೆಸ್ ತಪಾಸಣೆಗೆ ಮೊದಲು ಜಾಕ್ ಏರಿಸಿ ನೋಡಿದರೆ ಎಡಗಡೆಯ ಹಿಂದಿನ ಚಕ್ರ ಮತ್ತೆ ಒಳಗೆ ವಾಲಿದೆ. ಸೀಲು ಹೋಗಿದೆ, ಬೇರಿಂಗು ಹೋಗಿದೆ, ಅಪ್ಪನ ಶಾಫ್ಟು ಹದಿನಾರು ವರ್ಷಕ್ಕೆ ಸವೆದಿದೆ. ಹೀಗೇ ತಗೊಂಡು ಹೋದರೆ ಖಂಡಿತ ಫೇಲು.

ಮೂರನೆಯ ಶಾಫ್ಟು ದೇವರ ಮನೆಯ ಕೆಳಗಿನ ಖಾನೆಯಲ್ಲಿತ್ತು. ಎರಡು ದಿನ ಅದನ್ನು ತೆಗೆಯಲಿಲ್ಲ. ಅದನ್ನು ಹಾಗೇ ಇಟ್ಟು, ಅದರ ಅಳತೆಗೆ ನಾನೇ ಬೇರೆ ಕಡೆಯೋಣ ಅಂದುಕೊಂಡೆ. ಸಾಮಾನು ತಂದು, ಲೇತಿಗೆ ಕಟ್ಟಿ, ಸ್ವಿಚ್ಚು ಹಾಕುವ ಮೊದಲು ನಿಂತೆ. ಅಪ್ಪ ಇದ್ದಿದ್ದರೆ ಏನು ಬೈಯುತ್ತಿದ್ದರು ಅಂತ ಸರಿಯಾಗಿ ಗೊತ್ತು: "ಮಾಡಿಟ್ಟಿದ್ದು ಹಾಕಾಕಲೇ, ಪೂಜೆ ಮಾಡಾಕಲ್ಲ."

ನಿನ್ನೆ ಸಂಜೆ ಗ್ರೀಸ್ ಕಾಗದ ಬಿಚ್ಚಿದೆ. ಒಂದು ಚುಕ್ಕೆ ತುಕ್ಕಿಲ್ಲ. ಮೈಕ್ರೋಮೀಟರ್ ಹಿಡಿದರೆ ಮೂರು ಕಡೆಯೂ ಒಂದೇ ಅಳತೆ. ರಫೀಕ್‌ಭಾಯಿಯ ಮಗ ಬಂದು ಪ್ರೆಸ್ ಹಿಡಿದ, ರಾತ್ರಿ ಒಂಬತ್ತಕ್ಕೆ ಚಕ್ರ ನೆಟ್ಟಗೆ ನಿಂತಿತು. ಮನೆಗೆ ಬಂದಾಗ ನಮ್ಮನೆಯವಳು ಖಾಲಿ ಕಾಗದ ನೋಡಿ, "ಹಾಕಿಬಿಟ್ರಾ?" ಅಂದಳು.

"ಹಾಕ್ದೆ."

"ಸರಿ, ಕೈ ತೊಳ್ಕೊಳ್ಳಿ, ಊಟಕ್ಕೆ ಬನ್ನಿ."

ಲೇತಿಗೆ ಕಟ್ಟಿದ ಹೊಸ ತುಂಡು ಅಲ್ಲೇ ಇದೆ. ನಾಳೆ ಅದನ್ನು ಕಡೆಯಬೇಕು, ಎಕ್ಸ್‌ಟ್ರಾ ಒಂದು ಇರಲಿ. ಗ್ರೈಂಡಿಂಗಿಗೆ ಹದಿನೈದು ಥೌ ಬಿಡಬೇಕು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಆರ್‌ಟಿಓ ಅಪಾಯಿಂಟ್‌ಮೆಂಟು.